ಮನೆಯಲ್ಲೇ ಮಗುವಿನ ಫೋಟೊ: ಕೇಳಿ, ಸ್ಟುಡಿಯೊ ಅಣ್ಣ ಹೇಳ್ತಾರೆ

ಅಡ್ಮಿನ್: ಮಕ್ಕಳ ಫೋಟೊ ತೆಗೆಯೋದನ್ನೇ ಕಸುಬು ಮಾಡಿಕೊಂಡಿರೋ ನಮ್ಮ ಸ್ಟುಡಿಯೊ ಅಣ್ಣ ಇವತ್ತು ಸಂಜೆ 7ರಿಂದ ಇಲ್ಲೇ ಇರ್ತಾರೆ. ಮೊಬೈಲಲ್ಲಿ ತೆಗೆಯೋರೂ ಕೇಳಬಹುದು. ದಯವಿಟ್ಟು ಮೇಲಿನ ಉತ್ತರ ಓದಿ ಕೇಳಿ.

ತುಮಕೂರು ಅಮ್ಮ: ಸರ್, ಮಗಳಿಗೆ ಮೂರು ತಿಂಗಳು. ಎದುರಿಗೆ ನೋಡಿದ್ರೆ ಮೈಬಣ್ಣ ಚೆನ್ನಾಗೇ ಇದೆ. ಇಲ್ಲಿ ಹಾಕಿರೋ ಫೋಟೊದಲ್ಲಿ ಮಾತ್ರ ಮುಖ ಹಸಿರು ಹಸಿರು, ಕಣ್ಣ ಕೆಳಗೆ ಕಪ್ಪು. ಯಾಕೆ?

ಸ್ಟುಡಿಯೊ ಅಣ್ಣ: ನಿಮ್ಮ ಗೋಡೆಗೆ ಗಿಳಿಹಸಿರು ಬಣ್ಣ ಹೊಡೆಸಿದ್ದೀರಿ, ಅದೇ ಕೆನ್ನೆ ಮೇಲೆ ಬಿದ್ದಿದೆ. ಮಗೂನ ಎತ್ತಿಕೊಂಡು ಟ್ಯೂಬ್‌ಲೈಟ್ ಕೆಳಗೆ ನಿಂತಿದ್ದೀರಿ, ಅದಕ್ಕೇ ಕಣ್ಣ ಗುಳಿಯಲ್ಲಿ ನೆರಳು. ಬೆಳಿಗ್ಗೆ ಹೊತ್ತು ಲೈಟೆಲ್ಲ ಆರಿಸಿ, ಕಿಟಕಿ ಹತ್ತಿರ ಬನ್ನಿ. ನೇರ ಬಿಸಿಲು ಬೀಳ್ತಿದ್ರೆ ಅಡ್ಡಕ್ಕೆ ಒಂದು ಬಿಳಿ ಪಂಚೆ ಕಟ್ಟಿ. ಮೂರ್ನಾಲ್ಕು ಅಡಿ ಈಚೆಗೆ ಚಾಪೆ ಹಾಸಿ, ಮಗುವಿನ ನೆತ್ತಿ ಕಿಟಕಿ ಕಡೆ ಸ್ವಲ್ಪ ಓರೆಯಾಗಿ ಬರೋ ಹಾಗೆ ಮಲಗಿಸಿ. ಬೆಳಕು ಹಣೆಯಿಂದ ಗಲ್ಲಕ್ಕೆ ಇಳೀಬೇಕು. ಕಾಲ ಕಡೆಯಿಂದ ಬಂದ್ರೆ ಮೂಗಿನ ಹೊಳ್ಳೆ ಎದ್ದು ಕಾಣುತ್ತೆ, ಮುಖ ಕೆಡುತ್ತೆ. ನೆರಳಿನ ಪಕ್ಕಕ್ಕೆ ಒಂದು ಥರ್ಮಾಕೋಲ್ ಹಾಳೆ ಒರಗಿಸಿ, ಕಪ್ಪು ತಿಳಿಯಾಗುತ್ತೆ. ಸ್ಕ್ರೀನಿನಲ್ಲಿ ಮುಖದ ಮೇಲೆ ಬೆರಳು ಒತ್ತಿ ಹಿಡಿದ್ರೆ ಫೋಕಸ್ ಲಾಕ್ ಆಗುತ್ತೆ. ಮತ್ತೆ, ಮಗುಗೆ ಎಣ್ಣೆ ತಿಕ್ಕಿದ ಕೈಯಲ್ಲೇ ಫೋನ್ ಹಿಡೀತೀರಿ. ಲೆನ್ಸ್ ಒರೆಸಿ.

ಹುಬ್ಬಳ್ಳಿ ಅಪ್ಪ: ಹತ್ರ ಹೋಗಿ ತಗದ್ರ ಮೂಗು ದೊಡ್ಡದು ಬರತೈತ್ರಿ ಸರ್.

ಸ್ಟುಡಿಯೊ ಅಣ್ಣ: ಹತ್ರ ಹೋಗಬೇಡಿ. ಹಿಂದೆ ಸರಿದು 2ಎಕ್ಸ್ ಜೂಮ್ ಇಟ್ಟು ತೆಗೀರಿ. ಮಲಗಿದ ಮಗುವಿನ ಮುಖದ ನೇರಕ್ಕೆ ಮಾತ್ರ ಫೋನ್ ಹಿಡೀಬೇಡಿ, ಜಾರಿದ್ರೆ ಬೀಳೋದು ಅದರ ಮೇಲೇ.

ಹಾಸನದ ಅತ್ತಿಗೆ: ಫ್ಲ್ಯಾಶ್ ಬಿದ್ರೆ ಮಗು ಕಣ್ಣು ಹೋಗುತ್ತಾ?

ಸ್ಟುಡಿಯೊ ಅಣ್ಣ: ಕಣ್ಣು ಹೋಗಲ್ಲ. ಮಗು ಬೆಚ್ಚುತ್ತೆ, ಮುಖ ಚಪ್ಪಟೆಯಾಗಿ ಬರುತ್ತೆ. ಆಫ್ ಮಾಡಿ.

ಮಂಡ್ಯ ಅಮ್ಮ: ಅಂಗೈ ಮೇಲೆ ಗಲ್ಲ ಇಟ್ಟು ಮಗು ನಿದ್ದೆ ಮಾಡೋ ಪೋಸ್ ಹೇಗೆ? ನಮ್ಮದು 12 ದಿನದ ಕೂಸು.

ಸ್ಟುಡಿಯೊ ಅಣ್ಣ: ಮನೇಲಿ ಮಾಡಲೇಬೇಡಿ. ಅದು ಎರಡು ಫೋಟೊ ಸೇರಿಸಿದ್ದು. ಒಂದರಲ್ಲಿ ತಲೆ ಹಿಡಿದಿರ್ತಾರೆ, ಇನ್ನೊಂದರಲ್ಲಿ ಮುಂಗೈ. ಆಮೇಲೆ ಹಿಡಿದವರ ಕೈ ಅಳಿಸ್ತಾರೆ. ಅಷ್ಟು ಎಳೇ ಕೂಸಿಗೆ ಕತ್ತು ಎಲ್ಲಿ ನಿಲ್ಲುತ್ತೆ? ಹೊಟ್ಟೆ ತುಂಬಿಸಿ, ಅಂಗಾತ ಮಲಗಿಸಿ, ಮುಷ್ಟಿ, ಪಾದ, ಕಿವಿ ತೆಗೀರಿ.

ಚಿಕ್ಕಮಗಳೂರು ಸೊಸೆ: ಅಣ್ಣ, ಮಗನಿಗೆ ಒಂದು ವರ್ಷ. ರಾತ್ರಿ ಕೇಕ್ ಕಟ್ ಮಾಡೋವಾಗ ಫ್ಲ್ಯಾಶ್ ಹಾಕಿ ತೆಗೆದಿದ್ದು. ಒಂದು ಕಣ್ಣು ಕೆಂಪಗೆ, ಇನ್ನೊಂದು ಬೆಕ್ಕಿನ ಕಣ್ಣಿನ ಥರ ಬೆಳ್ಳಗೆ ಹೊಳೀತಿದೆ. ಬಿಳಿ ತೆಗೆಯೋಕೆ ಯಾವ ಆ್ಯಪ್ ಒಳ್ಳೇದು?

ಸ್ಟುಡಿಯೊ ಅಣ್ಣ: ಆ್ಯಪ್ ಬಿಡಿ ತಾಯಿ. ಫೋಟೊ ಅಳಿಸಬೇಡಿ, ತಿದ್ದಬೇಡಿ. ಹಳೇ ಫ್ಲ್ಯಾಶ್ ಫೋಟೊ ಇದ್ರೆ ನೋಡಿ, ಅದೇ ಕಣ್ಣು ಬೆಳ್ಳಗಿದೆಯಾ?

ಚಿಕ್ಕಮಗಳೂರು ಸೊಸೆ: ದೀಪಾವಳಿ ಫೋಟೊದಲ್ಲೂ ಬಲಗಣ್ಣೇ. ಯಾಕಣ್ಣ?

ಸ್ಟುಡಿಯೊ ಅಣ್ಣ: ನಾನು ಡಾಕ್ಟರ್ ಅಲ್ಲ, ಆದ್ರೆ ಇದನ್ನ ಹೇಳದೆ ಬಿಡಕ್ಕಾಗಲ್ಲ. ಫ್ಲ್ಯಾಶ್ ಬೆಳಕು ಪಾಪೆಯೊಳಗೆ ಹೋಗಿ, ಕಣ್ಣಿನ ಹಿಂಬದಿಯ ರಕ್ತನಾಳಗಳಿಗೆ ತಾಗಿ ವಾಪಸ್ ಬಂದ್ರೆ ಕೆಂಪಗೆ ಕಾಣುತ್ತೆ. ಬೆಳ್ಳಗೆ ಕಂಡ್ರೆ ಎಷ್ಟೋ ಸಲ ಏನೂ ಇರಲ್ಲ: ಮಗು ಸ್ವಲ್ಪ ಓರೆಯಾಗಿ ನೋಡಿದ್ರೆ ನರ ಹೊರಡೋ ಜಾಗಕ್ಕೆ ಬೆಳಕು ತಾಗಿ ಹಾಗೆ ಬರುತ್ತೆ. ಆದ್ರೆ ಅದೇ ಕಣ್ಣು ಮತ್ತೆ ಮತ್ತೆ ಬೆಳ್ಳಗೆ ಬಂದ್ರೆ ಪೊರೆ ಇರಬಹುದು, ಒಂದು ಕಣ್ಣಿಗೆ ಜಾಸ್ತಿ ಪವರ್ ಇರಬಹುದು, ರೆಟಿನೊಬ್ಲಾಸ್ಟೊಮಾ ಅನ್ನೋ ಗೆಡ್ಡೆಯೂ ಇರಬಹುದು. ಅದು ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೇ ಬರೋದು, ಬೇಗ ಸಿಕ್ಕಿದ್ರೆ ಚಿಕಿತ್ಸೆ ಇದೆ. ಹೆದರಿಸೋಕೆ ಹೇಳ್ತಿಲ್ಲ. ನಾಳೆಯೇ ಕಣ್ಣಿನ ಡಾಕ್ಟರ್ ಹತ್ರ ಹೋಗಿ. ಎರಡೂ ಫೋಟೊ ತೋರಿಸಿ. ಹನಿ ಹಾಕಿ, ಪಾಪೆ ಅಗಲ ಮಾಡಿ ಒಳಗಿನ ಪರದೆ ನೋಡಿ ಅಂತ ಬಾಯಿಬಿಟ್ಟು ಕೇಳಿ. ಊರಲ್ಲಿ ಆಗಲ್ಲ ಅಂದ್ರೆ ಬೆಂಗಳೂರಲ್ಲಿ ಮಿಂಟೋ ಇದೆ, ಸರ್ಕಾರಿ ಕಣ್ಣಿನ ಆಸ್ಪತ್ರೆ. ಮೆಳ್ಳೆಗಣ್ಣು ಇದೆಯಾ?

ಚಿಕ್ಕಮಗಳೂರು ಸೊಸೆ: ಸ್ವಲ್ಪ ಇದೆ. ಅತ್ತೆ ಅದೃಷ್ಟ ಅಂತಾರೆ.

ಸ್ಟುಡಿಯೊ ಅಣ್ಣ: ಅದನ್ನೂ ಡಾಕ್ಟರ್‌ಗೆ ಹೇಳಿ.

ರಾಮನಗರ ದೊಡ್ಡಮ್ಮ: ಗಾಬರಿ ಬೇಡ ಮಗಳೇ. ನಮ್ಮ ವಾಟ್ಸಾಪಿಗೆ ಬಂದಿತ್ತು: ಬೆಳಿಗ್ಗೆ ಎದ್ದ ಕೂಡಲೇ ಎದೆಹಾಲು ಎರಡು ಹನಿ ಬಿಟ್ಟು, ರಾತ್ರಿ ಹರಳೆಣ್ಣೆ ಕಾಡಿಗೆ ಹಚ್ಚಿದ್ರೆ ಕಣ್ಣಿನ ಬಿಳಿ ಕರಗುತ್ತೆ. ಎಲ್ಲರಿಗೂ ಕಳಿಸಿ.

ಸ್ಟುಡಿಯೊ ಅಣ್ಣ: ಯಾರಿಗೂ ಕಳಿಸಬೇಡಿ. ಹಾಲೂ ಬೇಡ, ಎಣ್ಣೆಯೂ ಬೇಡ. ಅಂಗಡಿ ಕಾಡಿಗೆಯಲ್ಲಿ ಸೀಸ ಸಿಕ್ಕಿದ ಉದಾಹರಣೆ ಇದೆ. ಕಣ್ಣಿನ ಒಳಗಿರೋ ತೊಂದರೆ ಮೇಲೆ ಹಚ್ಚಿದ್ದಕ್ಕೆ ಕರಗಲ್ಲ. ಒಂದು ವಾರ ಹಚ್ಚಿ ನೋಡೋಣ ಅಂತ ಕೂತ್ರೆ ಆ ವಾರ ಹೋಯ್ತು.

ರಾಮನಗರ ದೊಡ್ಡಮ್ಮ: ನಾಲ್ಕು ಮಕ್ಕಳನ್ನ ಸಾಕಿದೀನಪ್ಪ. ನೀನು ಫೋಟೊ ತೆಗೆಯೋನು.

ಮಂಡ್ಯ ಅಮ್ಮ: ಅವರು ಡಾಕ್ಟರ್ ಹತ್ರ ಹೋಗಿ ಅಂದ್ರು ದೊಡ್ಡಮ್ಮ, ಔಷಧಿ ಹೇಳಲಿಲ್ಲ. ಔಷಧಿ ಹೇಳಿದ್ದು ನೀವು.

ಹಾಸನದ ಅತ್ತಿಗೆ: ಅದಕ್ಕೇ ತೊಟ್ಟಿಲು ಶಾಸ್ತ್ರಕ್ಕೆ ಮುಂಚೆ ಫೋಟೊ ಬೇಡ ಅನ್ನೋದು. ದೃಷ್ಟಿ ತಾಗುತ್ತೆ.

ಮಂಡ್ಯ ಅಮ್ಮ: ನಿಮ್ಮ ಡಿಪಿಯಲ್ಲಿ ಇರೋದು ಯಾರ ಕೂಸು?

ಹಾಸನದ ಅತ್ತಿಗೆ: ಅದಕ್ಕೆ ದೃಷ್ಟಿಬೊಟ್ಟು ಇಟ್ಟಿದೀವಿ. ಕಣ್ಣು ತೆರೆದು ನೋಡ್ರೀ.

ಹುಬ್ಬಳ್ಳಿ ಅಪ್ಪ: ಅಲ್ರೀ, ಮೊದಲ ಫ್ಲ್ಯಾಶ್ ಬ್ಯಾಡ ಅಂದ್ರಿ. ಈಗ ಫ್ಲ್ಯಾಶ್‌ನಾಗ ರೋಗ ಕಾಣತೈತಿ ಅಂತೀರಿ. ನಾ ಹಾಕ್ಲೋ ಬ್ಯಾಡೋ?

ಸ್ಟುಡಿಯೊ ಅಣ್ಣ: ಚೆಂದದ ಫೋಟೊಗೆ ಬೇಡ ಅಂದೆ. ಕಂಡದ್ದನ್ನ ಕಡೆಗಣಿಸಬೇಡಿ ಅಂದೆ. ಎರಡೂ ಬೇರೆ. ಫ್ಲ್ಯಾಶ್ ಹೊಡೆದು ಹೊಡೆದು ಮನೇಲಿ ಪರೀಕ್ಷೆ ಮಾಡಬೇಡಿ, ಅನುಮಾನ ಇದ್ರೆ ಡಾಕ್ಟರ್ ನೋಡ್ತಾರೆ.

ಕೋಲಾರ ಅಪ್ಪ: ಫ್ಲ್ಯಾಶ್ ಹಾಕಬಹುದಾ ಸರ್?

ಸ್ಟುಡಿಯೊ ಅಣ್ಣ: ಮೇಲೆ ಓದಿ.

ಬಳ್ಳಾರಿ ಅಮ್ಮ: ಸಾಂಬ್ರಾಣಿ ಹೊಗೆ ಹಾಕಿದ್ರೆ ಕಿಟಕಿ ಬೆಳಕು ಗೆರೆ ಗೆರೆಯಾಗಿ ಬರುತ್ತಂತೆ, ರೀಲ್ಸಲ್ಲಿ ನೋಡಿದೆ. ಎಷ್ಟು ಹಾಕ್ಲಿ?

ಸ್ಟುಡಿಯೊ ಅಣ್ಣ: ಸೊನ್ನೆ. ಉಸಿರಾಡೋದು ಮಗು.

ಕೋಲಾರ ಅಪ್ಪ: 15 ಸಾವಿರದೊಳಗೆ ಯಾವ ಫೋನ್ ತಗೋಬೇಕು? ಮೂರನೇ ಸಲ ಕೇಳ್ತಿದೀನಿ.

ರಾಮನಗರ ದೊಡ್ಡಮ್ಮ: ಇಲ್ಲಿ ದೊಡ್ಡವರಿಗೆ ಮರ್ಯಾದೆ ಇಲ್ಲ. ನಾನು ಗುಂಪು ಬಿಡ್ತೀನಿ.

ಮಂಡ್ಯ ಅಮ್ಮ: ಬಿಡೋಕೆ ಮುಂಚೆ ಆ ಮೆಸೇಜ್ ಅಳಿಸಿ.

ಅಡ್ಮಿನ್: ದೊಡ್ಡಮ್ಮನ ಮೆಸೇಜ್ ನಾನೇ ಅಳಿಸಿದೀನಿ. ಇನ್ನು ವಾದ ಸಾಕು.

ಚಿಕ್ಕಮಗಳೂರು ಸೊಸೆ: ಅಣ್ಣ, ಯಜಮಾನ್ರು ಬಂದ್ರು, ಫೋಟೊ ತೋರಿಸಿದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡ್ತೀವಿ. ಮಗುಗೆ ಏನಾದ್ರೂ ತಿನ್ನಿಸಿ ಕರ್ಕೊಂಡು ಹೋಗಬಹುದಾ?

ಸ್ಟುಡಿಯೊ ಅಣ್ಣ: ಹೋಗೋಕೆ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ. ಆಧಾರ್ ಮತ್ತೆ ಲಸಿಕೆ ಕಾರ್ಡ್ ಇಟ್ಟುಕೊಳ್ಳಿ. ಫೋಟೊ ವಾಟ್ಸಾಪಿನಲ್ಲಿ ಬಂದ ಕಾಪಿ ಬೇಡ, ತೆಗೆದ ಫೋನನ್ನೇ ತಗೊಂಡು ಹೋಗಿ. ನನಗೆ ಪರ್ಸನಲ್ ಮೆಸೇಜ್ ಮಾಡಿ.

ಬಳ್ಳಾರಿ ಅಮ್ಮ: ಸಾಂಬ್ರಾಣಿ ಬದಲು ಊದುಬತ್ತಿ ಆಗುತ್ತಾ?

ಕೋಲಾರ ಅಪ್ಪ: ಸರ್, ಫೋನ್?