ಜಠರದ ಕ್ಯಾನ್ಸರ್: ಸ್ಟೇಜಿಂಗ್ ಲ್ಯಾಪ್ರೋಸ್ಕೋಪಿ ಕೀಮೋಗೆ ಮುಂಚೆಯೋ, ಆಪರೇಷನ್ ದಿನವೋ?

ಪ್ರಶ್ನೆ (ಸರ್ಜರಿ ಪಿಜಿ)
ಆಂಟ್ರಮ್‌ನಲ್ಲಿ (ಜಠರದ ಕೆಳಭಾಗ) ಅಡಿನೋಕಾರ್ಸಿನೋಮಾ (ಗ್ರಂಥಿ ಕೋಶಗಳ ಕ್ಯಾನ್ಸರ್). ಸಿಟಿಯಲ್ಲಿ ಟಿ3 (ಗಡ್ಡೆ ಜಠರದ ಗೋಡೆಯಲ್ಲಿ ಹೊರಪೊರೆಯ ಹತ್ತಿರದವರೆಗೆ ಇಳಿದಿದೆ), ಪಕ್ಕದ ದುಗ್ಧ ಗ್ರಂಥಿಗಳು ದಪ್ಪಗಾಗಿವೆ. ಲಿವರ್ ಸ್ವಚ್ಛ, ಹೊಟ್ಟೆಯಲ್ಲಿ ನೀರಿಲ್ಲ. 4 ಸೈಕಲ್ ಫ್ಲಾಟ್ (ನಾಲ್ಕು ಔಷಧಿಗಳನ್ನು ಸೇರಿಸಿ ಕೊಡುವ) ಕೀಮೋ ಕೊಟ್ಟು ಆಪರೇಷನ್ ಮಾಡುವ ಯೋಜನೆ. ರೋಗ ಎಷ್ಟು ಹರಡಿದೆ ಎಂದು ಹೊಟ್ಟೆಯೊಳಗೆ ಸ್ಕೋಪ್ ಹಾಕಿ ನೋಡುವುದನ್ನು (ಸ್ಟೇಜಿಂಗ್ ಲ್ಯಾಪ್ರೋಸ್ಕೋಪಿ) ಆಪರೇಷನ್ ದಿನವೇ ಮಾಡಿದರೆ ಸಾಲದೇ? ವಾಷಿಂಗ್ಸ್ (ಕ್ಯಾನ್ಸರ್ ಕೋಶ ಹುಡುಕಲು ಹೊಟ್ಟೆಯೊಳಗನ್ನು ಸಲೈನ್‌ನಿಂದ ತೊಳೆದು ತೆಗೆದ ದ್ರವ) ತೆಗೆಯುವ ಕ್ರಮ ಹೇಗೆ?

ಉತ್ತರ (ಜಿಐ ಆಂಕೋಸರ್ಜನ್)
ಕೀಮೋಗೆ ಮುಂಚೆಯೇ ಮಾಡಿ. 5 ಮಿ.ಮೀ.ಗಿಂತ ಸಣ್ಣ ಪೆರಿಟೋನಿಯಲ್ (ಹೊಟ್ಟೆಯ ಒಳಪೊರೆಯ ಮೇಲಿನ) ಗಂಟುಗಳು ಸಿಟಿಯ ಕಣ್ಣಿಗೆ ಬೀಳುವುದು ಅಪರೂಪ. ಕೀಮೋ ಆದಮೇಲೆ ಮೊದಲ ಬಾರಿ ನೋಡಿದರೆ, ಶುರುವಿನಲ್ಲಿ ರೋಗ ಎಲ್ಲಿಯವರೆಗೆ ಹರಡಿತ್ತು ಎಂಬುದು ಎಂದಿಗೂ ತಿಳಿಯುವುದಿಲ್ಲ.

ಹೊಕ್ಕುಳ ಬಳಿ 10 ಮಿ.ಮೀ. ಪೋರ್ಟ್, 30 ಡಿಗ್ರಿ ಸ್ಕೋಪ್, ಜೊತೆಗೆ ಒಂದೆರಡು 5 ಮಿ.ಮೀ. ಪೋರ್ಟ್. ಒತ್ತಡ 12 ಎಂಎಂಎಚ್‌ಜಿ ಸಾಕು. ಒಳಹೊಕ್ಕ ತಕ್ಷಣ ವಾಷಿಂಗ್ಸ್. ಗಡ್ಡೆ ಮುಟ್ಟಿದ ಮೇಲಲ್ಲ, ಬಯಾಪ್ಸಿ ಆದಮೇಲಂತೂ ಅಲ್ಲವೇ ಅಲ್ಲ. ಜೀವಕೋಶಗಳು ಉದುರಿ, ರಕ್ತ ಬೆರೆತು ಸ್ಯಾಂಪಲ್ ಕೆಡುತ್ತದೆ. ಸುಮಾರು 200 ಮಿ.ಲೀ. ಬೆಚ್ಚಗಿನ ಸಲೈನನ್ನು ಡಯಾಫ್ರಂ ಕೆಳಗೆ ಎರಡೂ ಕಡೆ ಮತ್ತು ಪೆಲ್ವಿಸ್‌ಗೆ ಬಿಟ್ಟು, ಟೇಬಲ್ ಓಲಾಡಿಸಿ, ಕನಿಷ್ಠ 50 ಮಿ.ಲೀ. ವಾಪಸ್ ಎಳೆಯಿರಿ. ಮೊದಲೇ ನೀರಿದ್ದರೆ ಸಲೈನ್ ಬಿಡುವ ಮುಂಚೆ ಅದನ್ನೇ ತೆಗೆಯಿರಿ.

ಆಮೇಲೆ ನಿಧಾನವಾಗಿ ನೋಡಿ: ಡಯಾಫ್ರಂ, ಲಿವರ್‌ನ ಎರಡೂ ಮುಖ, ಓಮೆಂಟಮ್ (ಕರುಳಿನ ಮುಂದಿನ ಕೊಬ್ಬಿನ ಪರದೆ), ಟ್ರೈಟ್ಜ್ (ಸಣ್ಣ ಕರುಳಿನ ಆರಂಭದ ತಿರುವು) ಬಳಿ ಮೆಸೆಂಟರಿ (ಕರುಳನ್ನು ಹಿಡಿದಿರುವ ಪೊರೆ), ಪ್ಯಾರಾಕೋಲಿಕ್ ಗಟರ್ (ದೊಡ್ಡ ಕರುಳಿನ ಪಕ್ಕದ ಕಾಲುವೆ), ತಲೆ ತಗ್ಗಿಸಿ ಪೆಲ್ವಿಸ್. ಹೆಂಗಸರಲ್ಲಿ ಅಂಡಾಶಯ ಬಿಡಬೇಡಿ. ಜಠರದ ಹಿಂಗೋಡೆಯ ಗಡ್ಡೆಯಾದರೆ ಗ್ಯಾಸ್ಟ್ರೋಕೋಲಿಕ್ ಓಮೆಂಟಮ್ ತೆರೆದು ಲೆಸ್ಸರ್ ಸ್ಯಾಕ್ (ಜಠರದ ಹಿಂದಿನ ಜಾಗ) ನೋಡಲೇಬೇಕು. ರೋಗ ಕಣ್ತಪ್ಪುವುದು ಹೆಚ್ಚಾಗಿ ಅಲ್ಲೇ.

ಉತ್ತರ (ಪ್ಯಾಥಾಲಜಿ)
ವಾಷಿಂಗ್ಸ್‌ಗೆ ಫಾರ್ಮಾಲಿನ್ ಹಾಕಬೇಡಿ, ತಕ್ಷಣ ಲ್ಯಾಬ್‌ಗೆ ಕಳಿಸಿ. ತಡವಾಗುವುದಿದ್ದರೆ 4 ಡಿಗ್ರಿಯ ಫ್ರಿಜ್‌ನಲ್ಲಿಡಿ, ಫ್ರೀಜರ್ ಬೇಡ. ಕೆರಳಿದ ಮೀಸೋಥೀಲಿಯಲ್ ಕೋಶಗಳು (ಹೊಟ್ಟೆಯ ಒಳಪೊರೆಯ ಸಹಜ ಕೋಶಗಳು) ಕ್ಯಾನ್ಸರ್‌ನಂತೆಯೇ ಕಂಡು ದಾರಿ ತಪ್ಪಿಸುತ್ತವೆ. ಹಾಗಾಗಿ ಅನುಮಾನವಿದ್ದಾಗ ಸೆಲ್ ಬ್ಲಾಕ್ ಮಾಡಿ (ಕೋಶಗಳನ್ನು ಮೇಣದ ಗಟ್ಟಿಯಲ್ಲಿ ಕೂಡಿಸಿ) ಇವೆರಡನ್ನು ಬೇರ್ಪಡಿಸುವ ಕ್ಯಾಲ್ರೆಟಿನಿನ್, ಬರ್-ಇಪಿ4 ಬಣ್ಣಗಳನ್ನು ಹಾಕುತ್ತೇವೆ.

ಗಂಟು ಕಂಡ ಮಾತ್ರಕ್ಕೆ ನಾಲ್ಕನೇ ಹಂತ ಎಂದು ಬರೆದುಬಿಡಬೇಡಿ, ದಯವಿಟ್ಟು. ನಮ್ಮಲ್ಲಿ ಪೆರಿಟೋನಿಯಲ್ ಟಿಬಿಯ ಬಿಳಿ ಗಂಟುಗಳೂ ಥೇಟ್ ಹಾಗೇ ಇರುತ್ತವೆ. ಕಾಟರಿ ಬಳಸದೆ ಕಪ್ ಫೋರ್ಸೆಪ್ಸ್‌ನಲ್ಲಿ ತೆಗೆಯಿರಿ, ಸುಟ್ಟ ತುಣುಕಿನಲ್ಲಿ ಏನೂ ಓದಲಾಗದು. ಒಂದು ತುಣುಕು ಫಾರ್ಮಾಲಿನ್‌ಗೆ, ಇನ್ನೊಂದು ಸಲೈನ್‌ನಲ್ಲಿ ಟಿಬಿ ಕಲ್ಚರ್‌ಗೆ.

ಪ್ರಶ್ನೆ ಕೇಳಿದವರು
ಧನ್ಯವಾದ ಸರ್, ಮೇಡಂ. ಗಂಟೇ ಇಲ್ಲ, ಸೈಟಾಲಜಿ (ವಾಷಿಂಗ್ಸ್‌ನ ಕೋಶ ಪರೀಕ್ಷೆ) ಮಾತ್ರ ಪಾಸಿಟಿವ್ ಬಂದರೆ? ರೋಗಿಗೆ ವಾಂತಿಯೂ ಇದೆ, ಅದೇ ಸಲ ಫೀಡಿಂಗ್ ಜೆಜುನಾಸ್ಟಮಿ (ಸಣ್ಣ ಕರುಳಿಗೆ ನೇರ ಆಹಾರ ಕೊಡುವ ಟ್ಯೂಬ್) ಹಾಕಬಹುದಾ?

ಉತ್ತರ (ಜಿಐ ಆಂಕೋಸರ್ಜನ್)
ಸೈಟಾಲಜಿ ಪಾಸಿಟಿವ್ ಅಂದರೆ ಎಜೆಸಿಸಿ (ಕ್ಯಾನ್ಸರ್ ಹಂತ ಗುರುತಿಸುವ ಅಮೆರಿಕದ ಪದ್ಧತಿ) ಪ್ರಕಾರ ಎಂ1, ಅಂದರೆ ದೂರಕ್ಕೆ ಹರಡಿದ ರೋಗ, ಕಣ್ಣಿಗೆ ಏನೂ ಕಾಣದಿದ್ದರೂ. ನೇರ ಗ್ಯಾಸ್ಟ್ರೆಕ್ಟಮಿಗೆ (ಜಠರ ತೆಗೆಯುವ ಆಪರೇಷನ್) ಹೋಗಬೇಡಿ. ಸಿಸ್ಟಮಿಕ್ ಕೀಮೋ ಕೊಟ್ಟು ಮತ್ತೆ ಲ್ಯಾಪ್ರೋಸ್ಕೋಪಿ, ವಾಷಿಂಗ್ಸ್ ಮಾಡಿ. ನೆಗೆಟಿವ್‌ಗೆ ತಿರುಗಿದವರಲ್ಲಿ ಆಪರೇಷನ್ ಮಾಡಬೇಕೇ ಎಂಬುದನ್ನು ಟ್ಯೂಮರ್ ಬೋರ್ಡ್‌ನಲ್ಲಿ (ಬೇರೆಬೇರೆ ವಿಭಾಗದ ವೈದ್ಯರ ಸಭೆ) ಕೂತು ತೀರ್ಮಾನಿಸಿ.

ಜೆಜುನಾಸ್ಟಮಿ ಅದೇ ಅರಿವಳಿಕೆಯಲ್ಲಿ ಹಾಕಿ, ಒಳ್ಳೆಯದೇ. ಊಟ ಒಳಹೋಗದ ರೋಗಿ ಫ್ಲಾಟ್ ತಡೆದುಕೊಳ್ಳುವುದು ಕಷ್ಟ. ಆದರೆ ವಾಷಿಂಗ್ಸ್, ಪೂರ್ತಿ ಪರೀಕ್ಷೆ ಮುಗಿದ ಮೇಲೆಯೇ ಕರುಳಿಗೆ ಕೈಹಾಕಿ.