ಪೋಷಕತ್ವದಡಿ ಮಗುವನ್ನು ಮನೆಗೆ ಕರೆತಂದರೆ ಸರ್ಕಾರದ ನೆರವು ಎಷ್ಟು, ಮುಂದೆ ದತ್ತು ಸಾಧ್ಯವೇ?

ಪ್ರಶ್ನೆ:
ನಾನು ಅವಿವಾಹಿತೆ, ವಯಸ್ಸು 41. ಬಾಲಮಂದಿರದಲ್ಲಿರುವ ಒಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಪೋಷಕತ್ವದಡಿ (ಫಾಸ್ಟರ್ ಕೇರ್, ಅಂದರೆ ದತ್ತು ಪಡೆಯದೆ ಮಗುವನ್ನು ಮನೆಯಲ್ಲಿಟ್ಟು ಸಾಕುವ ವ್ಯವಸ್ಥೆ) ಸಾಕಬೇಕೆಂಬ ಆಸೆಯಿದೆ. ಒಂಟಿ ಮಹಿಳೆಗೆ ಅವಕಾಶವಿದೆಯೇ? ಮುಂದೆ ಆಕೆ ಕಾನೂನಿನ ಪ್ರಕಾರ ನನ್ನ ಮಗಳಾಗಬಹುದೇ?

ಉತ್ತರ 1:
ಅವಕಾಶವಿದೆ, ಮೇಡಂ. 2024ರ ಮಾದರಿ ಪೋಷಕತ್ವ ಮಾರ್ಗಸೂಚಿಯು 35ರಿಂದ 60 ವರ್ಷದೊಳಗಿನ ಒಂಟಿ ವ್ಯಕ್ತಿಗಳಿಗೂ ಬಾಗಿಲು ತೆರೆದಿದೆ. ಒಂಟಿ ಪುರುಷರಿಗೆ ಮಾತ್ರ ಹೆಣ್ಣುಮಗುವನ್ನು ಒಪ್ಪಿಸುವುದಿಲ್ಲ. ಅರ್ಜಿಗಾಗಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಸಂಪರ್ಕಿಸಿ. ಅವರು ಮನೆಗೆ ಬಂದು ವರದಿ ಬರೆದ ನಂತರ ಮಕ್ಕಳ ಕಲ್ಯಾಣ ಸಮಿತಿ ಆದೇಶ ಹೊರಡಿಸುತ್ತದೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದ್ದು, ಅದನ್ನು ಕೇಂದ್ರ ಮತ್ತು ರಾಜ್ಯ 60:40ರ ಪ್ರಮಾಣದಲ್ಲಿ ಭರಿಸುತ್ತವೆ. ಶಾಲೆ, ಬಟ್ಟೆ, ಔಷಧಿ ಎಲ್ಲವೂ ಸೇರಿದರೆ ಈ ಮೊತ್ತ ಸಾಲುವುದಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ.

ಉತ್ತರ 2:
ದತ್ತಿನ ವಿಷಯ: ಮಗು ದತ್ತಿಗೆ ಕಾನೂನುಬದ್ಧವಾಗಿ ಮುಕ್ತವೆಂದು ಘೋಷಿತವಾಗಿದ್ದರೆ, ಸಾಕುತ್ತಿರುವವರೇ ದತ್ತು ಪಡೆಯಬಹುದು; ಅದಕ್ಕೆ ಮಗು ಅವರ ಬಳಿ ಇರಬೇಕಾದ ಅವಧಿ ಹಿಂದೆ ಐದು ವರ್ಷವಿತ್ತು, ಈಗ ಎರಡು ವರ್ಷಕ್ಕೆ ಇಳಿದಿದೆ. ದತ್ತು ಆದೇಶವನ್ನು ಬಾಲನ್ಯಾಯ ಕಾಯ್ದೆಯ 2021ರ ತಿದ್ದುಪಡಿಯ ನಂತರ ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಗಳೇ ನೀಡುತ್ತಾರೆ. ಪೋಷಕತ್ವದಲ್ಲಿರುವಾಗ ಮಗುವಿಗೆ ಹೆತ್ತವರಿದ್ದರೆ ಭೇಟಿಗೆ ಬರುವ ಹಕ್ಕು ಅವರಿಗಿದೆ, ಮಕ್ಕಳ ಕಲ್ಯಾಣ ಸಮಿತಿ ಬೇಡವೆಂದರೆ ಬೇರೆ ಮಾತು. ನಮ್ಮ ಮನೆಗೆ ಬಂದ ಹುಡುಗಿ ಮೊದಲ ಮೂರು ತಿಂಗಳು ಶಾಲೆಯ ಚೀಲವನ್ನು ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಿದ್ದಳು, ಒಳಗೆ ಎರಡು ಜೊತೆ ಬಟ್ಟೆ ಮಡಿಸಿಟ್ಟಿರುತ್ತಿತ್ತು. ಚೀಲವನ್ನು ತೆಗೆದಿಡು ಎಂದು ನಾವು ಒಮ್ಮೆಯೂ ಹೇಳಲಿಲ್ಲ.

ಉತ್ತರ 3:
ಇದನ್ನು ಓದುತ್ತಿರುವ ಅಜ್ಜ-ಅಜ್ಜಿಯರ ಗಮನಕ್ಕೆ: ಮೊಮ್ಮಕ್ಕಳನ್ನು ಸಾಕುತ್ತಿರುವ ನಿಮಗೆ ಅನ್ವಯಿಸುವುದು ಪೋಷಕತ್ವವಲ್ಲ, ಪ್ರಾಯೋಜಕತ್ವ (ಸ್ವಂತ ಕುಟುಂಬ ಅಥವಾ ಬಂಧುಗಳ ಬಳಿಯೇ ಬೆಳೆಯುವ ಮಗುವಿಗೆ ಸಿಗುವ ಸರ್ಕಾರಿ ನೆರವು). ಕುಟುಂಬದ ವಾರ್ಷಿಕ ಆದಾಯ ಗ್ರಾಮಾಂತರದಲ್ಲಿ 72,000, ಪಟ್ಟಣಗಳಲ್ಲಿ 96,000 ರೂಪಾಯಿ ಮೀರಿರಬಾರದು. ಅರ್ಜಿಯನ್ನು ಅದೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬೇಕು.