ಪಕ್ಕದ ಮನೆಯವರಿಗೆ ಬ್ಯಾಂಕ್ ಸಾಲ ಸಿಗಲಿಲ್ಲ, ನಮಗೆ ಸಿಕ್ಕಿತ್ತು. ಏನು ಮಾಡಬಹುದು?

ಕೇಳಿದವರು, ಅಟ್ಲಾಂಟಾ:
ನಮ್ಮ ಪಕ್ಕದ ಮನೆಯವರು ಕಪ್ಪು ಜನಾಂಗದವರು. ಆರು ವರ್ಷದಿಂದ ಕೇಟರಿಂಗ್ ಮಾಡುತ್ತಿದ್ದಾರೆ. ನಮ್ಮ ಮಗಳ ನಾಮಕರಣಕ್ಕೆ 80 ಜನರ ಅಡುಗೆ ಅವರದೇ, ಚಿತ್ರಾನ್ನ ಮಾತ್ರ ನನ್ನದು. ದೊಡ್ಡ ಓವನ್ನು, ಫ್ರಿಜ್ಜು ಅಂತ 40,000 ಡಾಲರ್ ಸಾಲ ಬೇಕಿತ್ತು. ಬ್ಯಾಂಕಿನವರು ನಿಂತಲ್ಲೇ "ಕಷ್ಟ" ಅಂದು ಕಳಿಸಿಬಿಟ್ಟರು. ಅದೇ ಶಾಖೆಯಲ್ಲಿ ಹೋದ ವರ್ಷ ನನ್ನ ಯಜಮಾನರಿಗೆ ಸಾಲ ಕೊಟ್ಟಿದ್ದರು. ಅಂಗಡಿಗೆ ಆಗ ಒಂದೂವರೆ ವರ್ಷ ಅಷ್ಟೇ. ಕೂರಿಸಿ ಕಾಫಿ ಬೇರೆ ಕೊಟ್ಟಿದ್ದರು. ಅದನ್ನು ಅವರಿಗೆ ಹೇಳೋಕೂ ಮುಜುಗರ. ಅನುಭವ ಇದ್ದವರು ದಾರಿ ಹೇಳಿ.

ಶಾರ್ಲಟ್‌ನಿಂದ:
ಮೇಡಂ, ನಾನು ಒಂಬತ್ತು ವರ್ಷ ಒಂದು ಬ್ಯಾಂಕಿನಲ್ಲಿ ಸಣ್ಣ ವ್ಯಾಪಾರದ ಸಾಲದ ಫೈಲು ನೋಡಿದವನು. ಮೊದಲು ಒಂದು ಕೇಳುತ್ತೇನೆ. ಅವರು ಅರ್ಜಿ ಹಾಕಿದರಾ, ಸುಮ್ನೆ ಮಾತಾಡಿ ಬಂದರಾ? ಬಾಯಲ್ಲಿ "ಕಷ್ಟ" ಅಂದರೆ ಅದು ಎಲ್ಲೂ ದಾಖಲಾಗುವುದಿಲ್ಲ. ಪೂರ್ತಿ ಅರ್ಜಿ ಕೊಟ್ಟರೆ 30 ದಿನದೊಳಗೆ ಆಗುತ್ತೋ ಇಲ್ಲವೋ ಹೇಳಲೇಬೇಕು. ಆಗಲ್ಲ ಅಂದರೆ ಕಾರಣ ಕೇಳಿ ಪಡೆಯುವ ಹಕ್ಕಿದೆ. ಸಾಲದಲ್ಲಿ ಭೇದ ಮಾಡಬಾರದು ಅನ್ನುವ ಕಾಯ್ದೆ ಬಂದದ್ದು 1974ರಲ್ಲಿ. ಅದಕ್ಕೆ ಜನಾಂಗ, ಬಣ್ಣ ಸೇರಿದ್ದು 1976ರಲ್ಲಿ.

ನನ್ನ ಎದುರಿಗೆ ಯಾರೂ ಬಣ್ಣದ ಮಾತು ಎತ್ತಲಿಲ್ಲ. ಎತ್ತುವ ಅಗತ್ಯವೇ ಇರಲಿಲ್ಲ. ಫೈಲಿನಲ್ಲಿ ಸ್ವಂತ ಆಸ್ತಿಯದೊಂದು ಹಾಳೆ ಇರುತ್ತದೆ: ಮನೆ ಇದೆಯಾ, ಬೆಲೆ ಎಷ್ಟು, ಅದರ ಮೇಲೆ ಎಷ್ಟು ಸಾಲ. ನನ್ನ ಮೇಲಿನವರು ಲಾಭನಷ್ಟದ ಲೆಕ್ಕಕ್ಕಿಂತ ಮೊದಲು ಆ ಹಾಳೆ ತಿರುಗಿಸುತ್ತಿದ್ದರು. ಆ ಹಾಳೆಯಲ್ಲಿ "ಮನೆ" ಅನ್ನುವ ಸಾಲಿನ ಹಿಂದೆ ಒಂದು ಚರಿತ್ರೆ ಇದೆ. 1930ರ ದಶಕದಲ್ಲಿ ಸರ್ಕಾರದ ಒಂದು ಸಂಸ್ಥೆಯೇ ಊರೂರಿನ ನಕ್ಷೆ ಬರೆಸಿತು. ಕಪ್ಪು ಜನ ಇದ್ದ ಕೇರಿಗಳಿಗೆ ಹೆಚ್ಚುಕಮ್ಮಿ ಎಲ್ಲಾ ಕಡೆ ಕೆಂಪು ಬಣ್ಣ, ಅಂದರೆ ಸಾಲಕ್ಕೆ ಅಪಾಯ. ನಿಮ್ಮ ಅಟ್ಲಾಂಟಾದ ನಕ್ಷೆಯೂ ಇದೆ. ಐವತ್ತು ವರ್ಷ ಆದಮೇಲೂ ಅಲ್ಲಿ ಅದೇ ಕಥೆ. 1988ರಲ್ಲಿ ಅಲ್ಲಿನ ಪತ್ರಿಕೆಯೊಂದು ಬ್ಯಾಂಕುಗಳ ಮನೆಸಾಲದ ಲೆಕ್ಕ ತೆಗೆದು ನೋಡಿತು. ಆದಾಯ ಒಂದೇ ಇದ್ದರೂ ಬಿಳಿಯರಿಗೆ ಐದು ಪಟ್ಟು ಜಾಸ್ತಿ ಸಾಲ ಹೋಗುತ್ತಿತ್ತು.

ಮನೆ ಇಲ್ಲದವರ ಮಕ್ಕಳಿಗೆ ಅಡ ಇಡೋಕೆ ಏನಿರುತ್ತದೆ? ಇಲ್ಲಿನ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ 2022ರ ಲೆಕ್ಕದಲ್ಲಿ ನಟ್ಟನಡುವಿನ ಬಿಳಿ ಕುಟುಂಬದ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬದ್ದು 44,900.

ಸ್ಯಾನ್ ಹೋಸೆಯಿಂದ:
ಎಲ್ಲದಕ್ಕೂ ಬಣ್ಣ ತರಬೇಡಿ ಸರ್. ಕ್ರೆಡಿಟ್ ಸ್ಕೋರ್ ಚೆನ್ನಾಗಿದ್ದರೆ ಯಾರಿಗಾದರೂ ಕೊಡುತ್ತಾರೆ. ನಾನೂ ಎರಡು ಸೂಟ್‌ಕೇಸ್ ಹಿಡಿದು ಬಂದವನೇ.

ಎಡಿಸನ್‌ನಿಂದ:
ಸೂಟ್‌ಕೇಸ್ ಜೊತೆ ಊರಲ್ಲಿ ಪಡೆದ ಡಿಗ್ರಿಯೂ ಬಂದಿತ್ತು ಅಲ್ವಾ ಸರ್? ನನ್ನದೂ ಹಾಗೇ, ಅದಕ್ಕೇ ಹೇಳುತ್ತಿದ್ದೇನೆ. ಸ್ಕೋರಿನ ಮಾತಿಗೂ ಫೆಡರಲ್ ರಿಸರ್ವ್ ಬ್ಯಾಂಕುಗಳ 2020ರ ಸಮೀಕ್ಷೆಯಲ್ಲಿ ಉತ್ತರ ಇದೆ. ಒಳ್ಳೆಯ ಸ್ಕೋರ್ ಇದ್ದವರನ್ನಷ್ಟೇ ತೆಗೆದುಕೊಂಡರೂ, ಕೇಳಿದಷ್ಟೂ ಹಣ ಸಿಕ್ಕಿದ್ದು ಬಿಳಿಯರ ವ್ಯಾಪಾರಗಳಲ್ಲಿ 48%ಗೆ, ಕಪ್ಪು ಜನರದ್ದರಲ್ಲಿ 24%ಗೆ.

ನಾನು ಕಣ್ಣಾರೆ ಕಂಡದ್ದು ಕೋವಿಡ್ ಸಮಯದಲ್ಲಿ. 2020ರ ಏಪ್ರಿಲ್‌ನಲ್ಲಿ ಸಣ್ಣ ವ್ಯಾಪಾರ ಉಳಿಸೋಕೆ ಸರ್ಕಾರ ಬ್ಯಾಂಕುಗಳ ಮೂಲಕ ಪಿಪಿಪಿ ಅಂತ 349 ಬಿಲಿಯನ್ ಡಾಲರ್ ಸಾಲ ಬಿಟ್ಟಿತು. 13 ದಿನಕ್ಕೆ ಖಾಲಿ. ನನ್ನ ಬ್ಯಾಂಕಿನವನು ತಾನಾಗಿಯೇ ಫೋನ್ ಮಾಡಿ "ಅರ್ಜಿ ಕಳಿಸಿ" ಅಂದ, ಯಾಕೆಂದರೆ ನನ್ನದು ಹಳೇ ವ್ಯಾಪಾರದ ಖಾತೆ. ಪಕ್ಕದ ಕ್ಷೌರದಂಗಡಿಯವರು ಕಪ್ಪು ಜನಾಂಗದವರು, ದುಡ್ಡೆಲ್ಲ ಸ್ವಂತ ಖಾತೆಯಲ್ಲೇ ಇತ್ತು. ಅವರ ಬ್ಯಾಂಕು ಹಳೇ ಗಿರಾಕಿಗಳಿಗೆ ಮಾತ್ರ ಅಂದಿತು. ಬಾಗಿಲು ಮುಚ್ಚಿದ ಅಂಗಡಿಯೊಳಗೆ ಅವರು ಕುರ್ಚಿಯ ಮೇಲೆ ಕೂತು ಫೋನಿನಲ್ಲಿ ಅರ್ಜಿ ತುಂಬುತ್ತಿದ್ದುದು ಇನ್ನೂ ಕಣ್ಣಮುಂದಿದೆ. ಕೊನೆಗೆ ಎರಡನೇ ಸುತ್ತಿನಲ್ಲಿ ಒಂದು ಆನ್‌ಲೈನ್ ಕಂಪನಿಯಿಂದ ಸಿಕ್ಕಿತು. ಆ ಫೆಬ್ರವರಿಯಿಂದ ಏಪ್ರಿಲ್‌ಗೆ ದೇಶದಲ್ಲಿ ವ್ಯಾಪಾರ ನಡೆಸುತ್ತಿದ್ದ ಕಪ್ಪು ಮಾಲೀಕರ ಸಂಖ್ಯೆ 41% ಇಳಿದಿತ್ತು.

ಹಾಗಾಗಿ ಅಕ್ಕ, ಅವರಿಗೆ ಇವತ್ತೇ ವ್ಯಾಪಾರಕ್ಕೆ ಬೇರೆ ಖಾತೆ ತೆಗೆಸಿ. ಸಾಲ ಬೇಕಾದಾಗ ತೆಗೆದರೆ ತಡ.

ಅಟ್ಲಾಂಟಾದಿಂದ ಇನ್ನೊಬ್ಬರು:
ನಿಮ್ಮೂರಲ್ಲೇ ಸಿಟಿಜನ್ಸ್ ಟ್ರಸ್ಟ್ ಬ್ಯಾಂಕ್ ಇದೆ. ದೊಡ್ಡ ಬ್ಯಾಂಕುಗಳು ಕೊಡುತ್ತಿರಲಿಲ್ಲ ಅಂತ ಕಪ್ಪು ಜನರೇ 1921ರಲ್ಲಿ ಕಟ್ಟಿದ್ದು. ಅಲ್ಲಿ ಹೋದ ತಕ್ಷಣ ಸಾಲ ಅಂತಲ್ಲ, ಅವರೂ ಲೆಕ್ಕ ಕೇಳುತ್ತಾರೆ. ಬ್ಯಾಂಕುಗಳು ಕೈಬಿಟ್ಟ ಕೇರಿಗಳಿಗೆ, ಜನರಿಗೆ ಸಾಲ ಕೊಡೋಕೆ ಅಂತಲೇ ಇರುವ ಸಿಡಿಎಫ್‌ಐ ಅನ್ನುವ ಸಂಸ್ಥೆಗಳನ್ನೂ ವಿಚಾರಿಸಿ. ಸಣ್ಣ ವ್ಯಾಪಾರಕ್ಕೆ ನೆರವಾಗುವ ಸರ್ಕಾರದ ಸಂಸ್ಥೆ ಎಸ್‌ಬಿಎ, ಅದರ ಮೈಕ್ರೋಲೋನ್ (ಸಣ್ಣ ಸಾಲ) 50,000 ಡಾಲರ್‌ವರೆಗೆ ಇದೆ, ನಿಮ್ಮ 40,000 ಅದರೊಳಗೇ ಬರುತ್ತದೆ. ಬಡ್ಡಿ ಸ್ವಲ್ಪ ಜಾಸ್ತಿ.

ಒಂದನ್ನು ಮಾತ್ರ ಮುಟ್ಟಬೇಡಿ. "ಒಂದೇ ದಿನದಲ್ಲಿ ಹಣ" ಅಂತ ಫೋನ್ ಬರುತ್ತದಲ್ಲ, ಮರ್ಚೆಂಟ್ ಕ್ಯಾಶ್ ಅಡ್ವಾನ್ಸ್. ಬಡ್ಡಿ ಅನ್ನುವುದೇ ಇಲ್ಲ, "ಫ್ಯಾಕ್ಟರ್ 1.3" ಅನ್ನುತ್ತಾರೆ. 30,000 ತಗೊಂಡರೆ 39,000 ವಾಪಸ್. ಅದೂ ಕೆಲವೇ ತಿಂಗಳಲ್ಲಿ, ದಿನಾ ಖಾತೆಯಿಂದ ಎಳೆದುಕೊಳ್ಳುತ್ತಾರೆ. ಬ್ಯಾಂಕಿನಲ್ಲಿ ಬೇಡ ಅನ್ನಿಸಿಕೊಂಡವರೇ ಅವರ ಗಿರಾಕಿಗಳು. ನನ್ನ ಜೊತೆ ಕೆಲಸ ಮಾಡುವವರ ತಮ್ಮ ಹೀಗೇ ಫುಡ್ ಟ್ರಕ್ ಕಳೆದುಕೊಂಡ.

ಕೇಳಿದವರು, ಮೂರು ವಾರದ ನಂತರ:
ಎಲ್ಲರಿಗೂ ಥ್ಯಾಂಕ್ಸ್. ಶಾರ್ಲಟ್ ಸರ್ ಹೇಳಿದ ಹಾಗೆ ಅದೇ ಬ್ಯಾಂಕಿಗೆ ಅರ್ಜಿ ಹಾಕಿಸಿದೆವು. ಪತ್ರ ಬಂತು. ಕಾರಣ: ವ್ಯಾಪಾರಕ್ಕೆ ಸಾಕಷ್ಟು ವರ್ಷ ಆಗಿಲ್ಲ! ಅವರು ಎಲ್‌ಎಲ್‌ಸಿ ಮಾಡಿಸಿ, ಅಂದರೆ ವ್ಯಾಪಾರವನ್ನು ಕಂಪನಿ ಅಂತ ನೋಂದಾಯಿಸಿ, ಎರಡು ವರ್ಷ. ಅದಕ್ಕೂ ಹಿಂದಿನ ನಾಲ್ಕು ವರ್ಷದ ಟ್ಯಾಕ್ಸ್ ಅವರ ಸ್ವಂತ ಹೆಸರಲ್ಲಿದೆ, ಅದನ್ನು ಯಾರೂ ಕೇಳಿಲ್ಲ. ನಮ್ಮ ಯಜಮಾನರ ಒಂದೂವರೆ ವರ್ಷ ಮಾತ್ರ ಹೇಗೆ ಸಾಕಾಯಿತೋ. ಈಗ ಅದನ್ನು ಅವರಿಗೂ ಹೇಳಿದೆ. ನಕ್ಕರು, ಅಷ್ಟೇ.

ಆರೂ ವರ್ಷದ ಕಾಗದ ಸೇರಿಸಿ ಮೈಕ್ರೋಲೋನ್‌ಗೆ ಕೊಟ್ಟಿದ್ದೇವೆ. ಗುರುವಾರ ಸಾಲ ಕೊಡುವವರು ಅಡುಗೆಮನೆ ನೋಡೋಕೆ ಬರುತ್ತಾರಂತೆ. ಪಕ್ಕದ ಮನೆಯವರು ನನ್ನನ್ನೂ ಬಾ ಅಂದಿದ್ದಾರೆ, ಚಿತ್ರಾನ್ನ ಮಾಡಿಕೊಂಡು.